ಮೆಟ್ಟಿಲು ಮುಚ್ಚಿಸಿದ ಮೆಂಬರು

1943ರಲ್ಲಿ ನಾನು ಕುಷ್ಟಗಿ ತಾಲೂಕು ಬೋರ್ಡಿಗೆ ಮೆಂಬರಾಗಿ ಆರಿಸಿ ಬಂದೆ. ಆಗ ನನಗೆ ಮೂವತ್ತೊಂದು ವರ್ಷ. ಆರಿಸಿ ಬಂದೆ ಎಂದರೆ ಈಗಿನವರು ಮೈಕು, ಮೆರವಣಿಗೆ, ಗೋಡೆ ಬರಹ ಎಂದೆಲ್ಲ ಕಲ್ಪಿಸಿಕೊಂಡಾರು. ಅಂಥದ್ದೇನೂ ಇರಲಿಲ್ಲ. ನಮ್ಮ ಸೀಮೆ ನಿಜಾಮ ಸರಕಾರದ ಆಳಿಕೆಯಲ್ಲಿತ್ತು. ಕೊಪ್ಪಳ, ಯಲಬುರ್ಗಾ ಜಾಗೀರಿಗೆ ಸೇರಿದ್ದವು. ಗಂಗಾವತಿ ಮತ್ತು ನಮ್ಮ ಕುಷ್ಟಗಿ ನೇರವಾಗಿ ಸರಕಾರದ ಕೈಯಲ್ಲಿದ್ದವು. ಇಂತಿಷ್ಟು ಕಂದಾಯ ಕಟ್ಟುವ ಪಟ್ಟೇದಾರನಿಗೆ ಮಾತ್ರ ಓಟು. ನಮ್ಮ ಒಂಬತ್ತು ಹಳ್ಳಿಗಳ ಗುಂಪಿನಲ್ಲಿ ಅಂಥವರು ಅರವತ್ತೆರಡು ಮಂದಿ. ಗಿರದಾವರ ಸಾಹೇಬರು, ಅಂದರೆ ಕಂದಾಯದ ಇನ್‌ಸ್ಪೆಕ್ಟರು, ನಮ್ಮೂರ ಚಾವಡಿಯಲ್ಲಿ ಕುಳಿತು ಇಬ್ಬರ ಹೆಸರು ಓದಿದರು. ನನ್ನ ಹೆಸರಿಗೆ ಮೂವತ್ತೇಳು ಕೈ ಎದ್ದವು. ಅದರಲ್ಲಿ ಒಂದು ಕೈ ನನ್ನದೇ.

ನನ್ನನ್ನು ನಿಲ್ಲಿಸಿದವರು ಪೊಲೀಸ್ ಪಟೇಲರಾದ ವೀರನಗೌಡರು. ಅವರ ಅಣ್ಣತಮ್ಮಂದಿರಲ್ಲೇ ಇಬ್ಬರಿಗೆ ಮೆಂಬರಾಗುವ ಆಸೆ ಇತ್ತು. ಒಬ್ಬನನ್ನು ನಿಲ್ಲಿಸಿದರೆ ಇನ್ನೊಬ್ಬ ಮುನಿಯುತ್ತಾನೆ. ಹಾಗಾಗಿ ಯಾರ ಗೊಡವೆಗೂ ಹೋಗದೆ ಅರಿವೆ ಅಂಗಡಿಯಲ್ಲಿ ಗಜಕಡ್ಡಿ ಹಿಡಿದು ಕುಳಿತಿದ್ದ ನನ್ನನ್ನು ಹಿಡಿದು ತಂದರು. ಅಂದು ಹೂವಿನ ಹಾರ ಹಾಕಿಸಿಕೊಂಡು ಮನೆಗೆ ಬಂದಾಗ ನಮ್ಮವ್ವ ಕೇಳಿದಳು: “ಏನ ಕೆಲಸಪಾ ಇದು, ಮೆಂಬರಕಿ ಅಂದ್ರ?”

“ನನಗೂ ಗೊತ್ತಿಲ್ಲಬೇ,” ಎಂದೆ. ಸುಳ್ಳು ಹೇಳಲಿಲ್ಲ.

ಬೋರ್ಡಿನ ಮೊದಲ ಸಭೆಯಲ್ಲಿ ಈ ಅಜ್ಞಾನ ಇನ್ನಷ್ಟು ಗಟ್ಟಿಯಾಯಿತು. ತಹಸೀಲ್ದಾರರೇ ಅಧ್ಯಕ್ಷರು. ಕಾಗದಗಳೆಲ್ಲ ಉರ್ದುವಿನಲ್ಲಿ. ನಾನು ಓದಿದ್ದು ಊರಿನ ಅಯ್ಯನವರ ಸಾಲೆಯಲ್ಲಿ ಕನ್ನಡ ನಾಲ್ಕನೆಯ ಪುಸ್ತಕದವರೆಗೆ. ಅಂಗಡಿಯಲ್ಲಿ ಗಿರಾಕಿಗಳ ಜೊತೆ ಉರ್ದು ಮಾತಾಡುತ್ತಿದ್ದೆ, ಬರಹ ಮಾತ್ರ ನನ್ನ ಪಾಲಿಗೆ ಇರುವೆ ಸಾಲು. ಪೇಷ್ಕಾರ, ಅಂದರೆ ಕಚೇರಿಯ ಹಿರಿಯ ಗುಮಾಸ್ತ, ಒಂದೊಂದೇ ಕಾಗದ ಉಸಿರು ಬಿಡದೆ ಓದುತ್ತಿದ್ದ. ಆ ಕಚೇರಿ ಉರ್ದು ನನ್ನ ಅಂಗಡಿ ಉರ್ದುವಿಗೆ ಎಟುಕುತ್ತಿರಲಿಲ್ಲ. ಕೊನೆಗೆ ತಹಸೀಲ್ದಾರರು “ಮಂಜೂರ್?” ಎನ್ನುವರು. ನಾವೆಲ್ಲ “ಮಂಜೂರ್” ಎನ್ನುವೆವು. ಹನುಮಸಾಗರದ ಕಡೆಯ ಹಿರಿಯ ಮೆಂಬರೊಬ್ಬರು ನಿದ್ದೆಯಲ್ಲಿಯೇ ಸರಿಯಾದ ಹೊತ್ತಿಗೆ ಮಂಜೂರ್ ಅನ್ನುವ ವಿದ್ಯೆ ಸಾಧಿಸಿದ್ದರು. ಮೂರು ಸಭೆ ಮುಗಿಯುವಷ್ಟರಲ್ಲಿ ನಾನು ಏನೇನಕ್ಕೆ ಒಪ್ಪಿಗೆ ಕೊಟ್ಟಿದ್ದೇನೆ ಎಂದು ಯಾರಾದರೂ ಕೇಳಿದ್ದರೆ ಬೆಪ್ಪನ ಹಾಗೆ ನಿಲ್ಲಬೇಕಾಗುತ್ತಿತ್ತು.

ನಾನು ಹೇಳಹೊರಟ ಪ್ರಕರಣ 1944ರ ಬೇಸಿಗೆಯದು. ಸರಕಾರಿ ಲೆಕ್ಕದಲ್ಲಿ ಅದು ಫಸಲಿ 1353. ಊರ ಹೆಸರು ಬರೆಯುವುದಿಲ್ಲ. ಆ ಜನರ ಮೊಮ್ಮಕ್ಕಳು ಇಂದೂ ಅಲ್ಲಿದ್ದಾರೆ, ನಮ್ಮ ಮನೆಯವರೂ ಇದ್ದಾರೆ.

ಆಗ ನಮ್ಮ ಕಡೆ ನಾರುಹುಣ್ಣು ಎಂಬ ಬೇನೆ ಇತ್ತು. ಈಗಿನವರು ಅದನ್ನು ಕಂಡಿಲ್ಲ, ಅವರ ಪುಣ್ಯ. ಬೇಸಿಗೆಯಲ್ಲಿ ಕಾಲಿನ ಮೇಲೆ ಒಂದು ಬೊಕ್ಕೆ ಏಳುತ್ತದೆ. ಬೆಂಕಿ ಇಟ್ಟ ಹಾಗೆ ಉರಿ. ಬೊಕ್ಕೆ ಒಡೆದರೆ ಒಳಗಿನಿಂದ ಬಿಳಿಯ ದಾರದಂಥ ಹುಳ ತಲೆ ಹಾಕುತ್ತದೆ. ಒಂದು ಗಜಕ್ಕೂ ಉದ್ದ ಇರುತ್ತದೆ. ಅದನ್ನು ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಸುತ್ತಿನಂತೆ ಎಳೆಯಬೇಕು. ಅವಸರ ಮಾಡಿ ಹುಳ ಹರಿಯಿತೋ, ಕಾಲು ಬಾತು, ಕೀವಾಗಿ, ಮನುಷ್ಯ ತಿಂಗಳುಗಟ್ಟಲೆ ಹಾಸಿಗೆ ಹಿಡಿಯುತ್ತಾನೆ. ಅದು ಬರುವುದು ಬೇರೆ ಸರಿಯಾಗಿ ಬಿತ್ತಿಗೆಯ ಹೊತ್ತಿಗೆ. ಊರ ಹಿರಿಯರ ಪ್ರಕಾರ ಅದು ಹುಳವೇ ಅಲ್ಲ, ಮೈಯೊಳಗಿನ ನರ ಉಷ್ಣಕ್ಕೆ ಹೊರಗೆ ಬರುವುದು. ಆ ವರ್ಷ ನನ್ನ ತಮ್ಮ ಫಕೀರಪ್ಪ ಎರಡು ತಿಂಗಳು ಜಗಲಿಯ ಮೇಲೆ ಬಿದ್ದುಕೊಂಡಿದ್ದ. ಗಟ್ಟಿಮುಟ್ಟಾದ ಹುಡುಗ, ಕಾಲು ಹಿಡಿದುಕೊಂಡು ಕೂಸಿನ ಹಾಗೆ ಅಳುತ್ತಿದ್ದ.

ಕುಷ್ಟಗಿ ದವಾಖಾನೆಯಲ್ಲಿ ಯೂಸುಫ್ ಸಾಹೇಬರು ಎಂಬ ಡಾಕ್ಟರಿದ್ದರು. ಗಂಗಾವತಿಯವರು, ನಮ್ಮ ಹಾಗೆಯೇ ಕನ್ನಡ ಮಾತಾಡುವವರು. ತಮ್ಮನನ್ನು ನೋಡಲು ಬಂದವರು ಕುಡಿಯುವ ನೀರು ಎಲ್ಲಿಯದು ಎಂದು ಕೇಳಿದರು. ಊರ ನಡುವಿನ ಮೆಟ್ಟಿಲ ಬಾವಿಗೆ ಕರೆದುಕೊಂಡು ಹೋದೆ. ಮೂವತ್ತನಾಲ್ಕು ಮೆಟ್ಟಿಲು, ಹಳೆಯ ಕಾಲದ ಗಟ್ಟಿ ಕೆಲಸ, ನಮಗೆಲ್ಲ ಅದೊಂದು ಹೆಮ್ಮೆ. ಡಾಕ್ಟರು ಕೆಳಗಿಳಿದು ಒಂದು ಗಾಜಿನ ಲೋಟದಲ್ಲಿ ನೀರು ತುಂಬಿ, ಬಿಸಿಲಿಗೆ ಹಿಡಿದು, ನನ್ನ ಕೈಗೆ ಕೊಟ್ಟರು. ಕಣ್ಣಿಗೆ ಕಂಡೂ ಕಾಣದಂಥ ಚುಕ್ಕೆಗಳು ಅದರಲ್ಲಿ ಕುಪ್ಪಳಿಸುತ್ತಿದ್ದವು.

ಅವರು ವಿವರಿಸಿದ್ದು ಇಷ್ಟು. ನಾರು ಇದ್ದವನು ನೀರು ತುಂಬಲು ಬಾವಿಗಿಳಿದಾಗ ಅವನ ಕಾಲು ನೀರಲ್ಲಿ ಮುಳುಗುತ್ತದೆ. ತಣ್ಣಗಾದ ಕೂಡಲೆ ಹುಳ ತನ್ನ ಮರಿಗಳನ್ನು ನೀರಿಗೆ ಬಿಡುತ್ತದೆ. ಅವನ್ನು ಈ ಚುಕ್ಕೆಗಳು ನುಂಗುತ್ತವೆ. ಚುಕ್ಕೆಗಳನ್ನು ನಾವು ಕುಡಿಯುತ್ತೇವೆ. ವರ್ಷ ತಿರುಗುವಷ್ಟರಲ್ಲಿ ನಮ್ಮ ಕಾಲಲ್ಲಿ ಹುಳ ತಯಾರು.

“ಜನ ನೀರಿಗೆ ಇಳೀಬಾರ್ದು, ಅಷ್ಟ. ಮೆಟ್ಟಲ ಮುಚ್ಚರಿ, ಸುತ್ತ ಕಟ್ಟಿ ಕಟ್ಟರಿ, ರಾಟಿ ಹಾಕ್ರಿ,” ಎಂದರು ಡಾಕ್ಟರು. “ಸರಕಾರದ್ದೂ ಅದ ಹುಕುಂ ಐತಿ. ಬೋರ್ಡ್‌ನ್ಯಾಗ ನೀವು ಬಾಯಿ ಬಿಡಬೇಕು.”

ಮೆಂಬರಾದವನಿಗೆ ಏನು ಕೆಲಸ ಎಂಬುದು ನನಗೆ ಮೊದಲ ಸಲ ಗೊತ್ತಾದದ್ದು ಅಂದು. ಮುಂದಿನ ಸಭೆಯಲ್ಲಿ ಎದ್ದು ನಿಂತೆ. ಎದ್ದು ನಿಲ್ಲುವ ಪದ್ಧತಿ ಇಲ್ಲದ್ದರಿಂದ ಎಲ್ಲರೂ ನಾನು ಹೊರಗೆ ಹೋಗುತ್ತೇನೆಂದು ಕಾಲು ಸರಿಸಿ ದಾರಿ ಮಾಡಿಕೊಟ್ಟರು. ಆದರೂ ಬಿಡದೆ ಮಾತಾಡಿದೆ. ತಹಸೀಲ್ದಾರರಿಗೂ ಮೇಲಿನಿಂದ ಒತ್ತಾಯವಿತ್ತು ಎಂದು ಕಾಣುತ್ತದೆ, ಒಪ್ಪಿದರು. ಕೆಲಸ ಆಗಲು ಒಂದೇ ಷರತ್ತು: ಊರಿನವರು ಒಪ್ಪಿಗೆಯ ಕರಾರು ಬರೆದುಕೊಡಬೇಕು.

ಊರಿನವರನ್ನು ಒಪ್ಪಿಸುವುದೇ ಒಂದು ಕಥೆ. ಬಾವಿಯ ಗಂಗಮ್ಮನ ಬಾಯಿ ಮುಚ್ಚಿದರೆ ಮಳೆ ಹೋಗುತ್ತದೆ ಎಂದರು ಒಬ್ಬರು. ನರಕ್ಕೂ ನೀರಿಗೂ ಏನು ಸಂಬಂಧ ಎಂದರು ಇನ್ನೊಬ್ಬರು. ನಾನು ಡಾಕ್ಟರ ಲೋಟ ಹಿಡಿದು ಮನೆಮನೆ ತಿರುಗಿದೆ. ಓಟು ಇದ್ದ ಮನೆಗಳಿಗೆಲ್ಲ ಹೋದೆ, ಅವರ ಅಣ್ಣತಮ್ಮಂದಿರ ಮನೆಗೂ ಹೋದೆ. “ಊರಿಗೆ ಉಪಕಾರಿ, ಮನೀಗೆ ಮಾರಿ. ಅಂಗಡಿ ಬಾಗಲಾ ತಗದು ಎಂಟ ದಿನ ಆತು,” ಎಂದು ನಮ್ಮವ್ವ ಗೊಣಗಿದಳು. ಕೊನೆಗೆ ವೀರನಗೌಡರು ಹ್ಞೂಂ ಎಂದರು. ಗೌಡರು ಹ್ಞೂಂ ಎಂದ ಮೇಲೆ ಊರು ಊಹೂಂ ಎನ್ನುವುದಿಲ್ಲ.

ಪೇಷ್ಕಾರ ಎರಡು ಹಾಳೆಯ ಉರ್ದು ಕರಾರು ತಂದ. ಚಾವಡಿಯಲ್ಲಿ ಎಂದಿನಂತೆ ಉಸಿರು ಬಿಡದೆ ಓದಿದ. ಏನದು ಎಂದು ಗೌಡರು ಕೇಳಿದಾಗ, “ಬಾವಿ ಸರಕಾರ ಕಟ್ಟಿಸಿಕೊಡತೈತಿ, ಜ್ವಾಕಿ ನೀವು ಮಾಡಬೇಕು, ಅಷ್ಟರಿ,” ಎಂದ. ಗೌಡರು ಸಹಿ ಮಾಡಿದರು, ಐದು ಮಂದಿ ಹಿರಿಯರು ಹೆಬ್ಬೆಟ್ಟು ಒತ್ತಿದರು, ಕೊನೆಗೆ ನಾನು ಕನ್ನಡದಲ್ಲಿ ದಪ್ಪಗೆ ನನ್ನ ಹೆಸರು ಬರೆದೆ.

ಜೂನಿನೊಳಗೆ ಕೆಲಸ ಮುಗಿಯಿತು. ಮೂವತ್ತನಾಲ್ಕು ಮೆಟ್ಟಿಲ ಮೇಲೆ ಕಲ್ಲು ಮಣ್ಣು ಬಿತ್ತು. ಎದೆಮಟ್ಟದ ಕಟ್ಟೆ ಎದ್ದು ಅದರ ಮೇಲೆ ಮೂರು ರಾಟೆ ಕುಳಿತವು. ತಹಸೀಲ್ದಾರರು ಬಂದು ಮೊದಲ ಕೊಡ ಸೇದಿದರು. ನನಗೆ ಮತ್ತೊಂದು ಹಾರ ಬಿತ್ತು.

ಮರುವರ್ಷ, ಅಂದರೆ 1945ರ ಬೇಸಿಗೆಯಲ್ಲಿ, ಊರಲ್ಲಿ ಮತ್ತೆ ನಾರು ಎದ್ದಿತು. ಒಬ್ಬಿಬ್ಬರಿಗಲ್ಲ, ಹಿಂದಿನ ವರ್ಷದಷ್ಟೇ ಮಂದಿಗೆ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅನ್ನುವ ಹಾಗಾಯಿತು. ಅಂಗಡಿಯ ಮುಂದೆ ಹಾದು ಹೋಗುವವರೆಲ್ಲ ಒಂದು ಮಾತು ಎಸೆದೇ ಹೋಗುತ್ತಿದ್ದರು. “ಹುಳಾ ಏಣಿ ಹಚ್ಚಿ ಇಳದಾವೇನ್ರಿ ಮೆಂಬರ್ರ?” ಎಂದು ಕೇಳಿದವನೊಬ್ಬ. ಗಂಗಮ್ಮನ ಶಾಪ ಎಂದವರು ಈಗ ಎದೆಯುಬ್ಬಿಸಿ ನಡೆದರು. ಮೆಟ್ಟಿಲು ತೆರೆಸಬೇಕೆಂದು ಗೌಡರ ಮನೆಗೆ ಹತ್ತಿಪ್ಪತ್ತು ಮಂದಿ ಹೋದರು. ನನಗೂ ತಲೆ ಕೆಟ್ಟುಹೋಯಿತು. ಡಾಕ್ಟರು ನನ್ನನ್ನು ಕೋಡಂಗಿ ಮಾಡಿದರೇ, ಅಥವಾ ಹಿರಿಯರು ಹೇಳುವಂತೆ ಅದು ನರವೇ ಇದ್ದೀತೇ? ಸಿಟ್ಟಿನಿಂದಲೇ ಕುಷ್ಟಗಿಗೆ ಹೋದೆ.

ಡಾಕ್ಟರು ನನ್ನ ಸಿಟ್ಟನ್ನು ಪೂರ್ತಿ ಕೇಳಿಸಿಕೊಂಡು, ಚಹಾ ತರಿಸಿ, ಆಮೇಲೆ ಹೇಳಿದರು: “ಈಗ ಹೊರಗ ಬಂದ ಹುಳಾ ಹ್ವಾದ ವರ್ಷ ಮೆಟ್ಟಲ ಇಳದು ಕುಡದ ನೀರಿಂದು. ವರ್ಷ ತಿರಗಬೇಕು ಅಂತ ಹೇಳಿದ್ದೆನಲ್ರಿ? ಇನ್ನೊಂದ ವರ್ಷ ತಡೀರಿ.”

ಹೌದು, ಹೇಳಿದ್ದರು. ನಾನೇ ಅದನ್ನು ಮನೆಮನೆಗೆ ಹೇಳಿಯೂ ಬಂದಿದ್ದೆ. ನನ್ನ ಬಾಯಿಂದ ಬಂದ ಮಾತಿನ ಅರ್ಥ ನನಗೇ ತಿಳಿದಿರಲಿಲ್ಲ. ನಾಚಿಕೆಯಾಯಿತು. ಊರಿಗೆ ಬಂದು, ಒಂದು ವರ್ಷ ತಡೆಯಿರಿ, ಆಮೇಲೂ ಬಂದರೆ ಮೆಟ್ಟಿಲು ನಾನೇ ಅಗೆಸಿಕೊಡುತ್ತೇನೆ ಎಂದು ಗೌಡರ ಮುಂದೆ ಮಾತು ಕೊಟ್ಟೆ.

1946ರ ಬೇಸಿಗೆ ನಾನು ದಿನ ಎಣಿಸಿದ ಬೇಸಿಗೆ. ಏಪ್ರಿಲ್ ಕಳೆಯಿತು, ಮೇ ಕಳೆಯಿತು. ಬಜಾರ ಓಣಿಯಲ್ಲಿ ಯಾರಿಗೂ ಇಲ್ಲ, ಗೌಡರ ಓಣಿಯಲ್ಲಿ ಯಾರಿಗೂ ಇಲ್ಲ, ಮುಸಲ್ಮಾನರ ಓಣಿಯಲ್ಲೂ ಇಲ್ಲ. ನನ್ನ ಸಂತೋಷಕ್ಕೆ ಪಾರವೇ ಇರಲಿಲ್ಲ. ಹಿಂದಿನ ವರ್ಷ ಏಣಿಯ ಮಾತಾಡಿದವನು ಬಂದು ಎರಡು ಧೋತ್ರ ಕೊಂಡು, ಚೌಕಾಸಿ ಮಾಡದೆ ಹೋದ. ಅದಕ್ಕಿಂತ ದೊಡ್ಡ ಕ್ಷಮಾಪಣೆ ನಮ್ಮೂರಲ್ಲಿ ಇಲ್ಲ.

ಜೂನಿನಲ್ಲಿ ಡಾಕ್ಟರು ತಮ್ಮ ರಿಜಿಸ್ಟರು ಹಿಡಿದು ಬಂದರು. ಊರಲ್ಲಿ ಎಲ್ಲ ತಿರುಗಿ, ಕೇರಿಗೂ ಹೋದರು. ದಲಿತರ ಕೇರಿ ಎಂದು ಈಗ ಬರೆಯುತ್ತೇವೆ. ಆಗ ಬರೀ ಕೇರಿ ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು. ತಿರುಗಿ ಬಂದು ನನ್ನ ಅಂಗಡಿಯ ಕಟ್ಟೆಯ ಮೇಲೆ ಕುಳಿತರು. ಮುಖದಲ್ಲಿ ನಗು ಇರಲಿಲ್ಲ.

“ಅಂದಾನಪ್ಪನವರ, ಊರಾಗ ಒಬ್ಬರಿಗೂ ಇಲ್ಲ. ಕೇರ್ಯಾಗ ಒಂಬತ್ತು ಮಂದಿಗೆ ಐತಿ. ಎಲ್ಲಾರೂ ಒಂದ ಬಾವಿ ನೀರು ಕುಡದ್ರ, ಹುಳಕ್ಕ ಜಾತಿ ಹೆಂಗ ಗೊತ್ತಾತ್ರಿ?”

ಊರಿನವರಿಗೆ ಉತ್ತರ ತಕ್ಷಣ ತಿಳಿಯಿತು. ಅದು ಅವರ ಬೇನೆ, ಅವರ ಊಟದ ದೋಷ ಎಂದು ಸಂಜೆಯೊಳಗೆ ತೀರ್ಮಾನವೂ ಆಯಿತು. ನಾನು ಮನೆಗೆ ಹೋಗಿ ಅವ್ವನನ್ನು ಕೇಳಿದೆ: “ಕೇರಿ ಮಂದಿ ನಮ್ಮ ಬಾವಿಗೆ ಬರೂದುಲ್ಲೇನು?”

“ಮೆಟ್ಟಲ ಮುಚ್ಚಿದಾಗಿಂದ ಬಂದಿಲ್ಲ,” ಎಂದಳು.

“ಎರಡ ವರ್ಷ ಆತಲ್ಲಬೇ! ನನಗ ಹೇಳಬಾರದಾಗಿತ್ತ?”

“ನೀ ಕೇಳಲಿಲ್ಲ,” ಎಂದು ರೊಟ್ಟಿ ಬಡಿಯುವುದನ್ನು ಮುಂದುವರಿಸಿದಳು.

ನೀರು ತರುವುದು ಹೆಣ್ಣುಮಕ್ಕಳ ಕೆಲಸ. ನಾನು ಬಾವಿ ಕಟ್ಟಿಸಿದವನು, ಬಾವಿಯ ಬಳಿ ಹಾರ ಹಾಕಿಸಿಕೊಂಡವನು. ಕೊಡ ಹಿಡಿದು ಒಂದು ದಿನವೂ ಅಲ್ಲಿಗೆ ಹೋದವನಲ್ಲ. ಮರುದಿನ ಮುಂಜಾನೆ ಮೊದಲ ಸಲ ಮೆಂಬರನಾಗಿ ಕೇರಿಗೆ ಹೋದೆ. ಒಂಬತ್ತು ಮಂದಿಯಲ್ಲಿ ಹೆಚ್ಚು ಕಷ್ಟ ಯಲ್ಲವ್ವನದು ಎಂದು ಡಾಕ್ಟರು ಹೇಳಿದ್ದರು. ಇಪ್ಪತ್ತರ ಹುಡುಗಿ, ಕನಕಗಿರಿ ಕಡೆ ಕೊಟ್ಟಿದ್ದರು. ಮೊಣಕಾಲಿನ ಹತ್ತಿರ ಹುಳ ಹರಿದು ಕಾಲು ಬಾತು ಬಿದ್ದುಕೊಂಡಿದ್ದಳು. ಇನ್ನೊಮ್ಮೆ ಅಲ್ಲಿಯೇ ನಾರು ಎದ್ದರೆ ಮೊಣಕಾಲು ಮಡಚದ ಹಾಗೆ ಸೆಟೆದು ನಿಲ್ಲುತ್ತದೆ ಎಂಬುದು ಡಾಕ್ಟರ ಹೆದರಿಕೆ. ನಡೆಯಲಾಗದಿದ್ದರೆ ಕಳಿಸುವುದೇ ಬೇಡ ಎಂದು ಗಂಡನ ಮನೆಯವರು ಹೇಳಿಕಳಿಸಿದ್ದರು.

ಅವಳ ತಾಯಿ ದುರಗವ್ವ ನನ್ನನ್ನು ಕಂಡು ಗಾಬರಿಯಿಂದ ಎದ್ದು ನಿಂತಳು. ಕುಡಿಯುವ ನೀರು ಎಲ್ಲಿಂದ ತರುತ್ತೀರಿ ಎಂದು ಕೇಳಿದೆ.

“ಹಳ್ಳದಾಗಿನ ಹಾಳಬಾವಿಂದರಿ.”

ಅದು ನನಗೆ ಗೊತ್ತಿದ್ದ ಬಾವಿಯೇ. ಕುಸಿದ ಮೆಟ್ಟಿಲು, ಮೊಣಕಾಲುದ್ದ ನೀರು. ಒಳಗಿಳಿಯದೆ ಅಲ್ಲಿ ಒಂದು ತಂಬಿಗೆಯೂ ತುಂಬುವುದಿಲ್ಲ.

“ಊರ ಬಾವಿಗೆ ಯಾಕ ಬರೂದುಲ್ಲ?”

ದುರಗವ್ವ ನನ್ನನ್ನು ಒಂದು ಗಳಿಗೆ ನೋಡಿದಳು. ನಾನು ನಿಜವಾಗಿ ತಿಳಿಯದೆ ಕೇಳುತ್ತಿದ್ದೇನೋ, ಚೇಷ್ಟೆಗೆ ಕೇಳುತ್ತಿದ್ದೇನೋ ಅವಳಿಗೂ ಗೊಂದಲವಾಗಿರಬೇಕು. ಆಮೇಲೆ ಹೇಳಿದಳು: “ಮೆಟ್ಟಲ ಇದ್ದಾಗ ನಾವು ಮ್ಯಾಲ ನಿಂದರತಿದ್ವಿರಿ. ಏರಿ ಬರಾಕಿ ಒಬ್ಬಕಿ ಇಲ್ಲಂದ್ರ ಒಬ್ಬಕಿ ನಮ್ಮ ಕೊಡಕ್ಕ ಸುರದು, ಮತ್ತ ಇಳದು ತುಂಬಕೊಂಡು ಹೋಗತಿದ್ಲು. ಈಗ ಆರ ಮಾರ ಹಗ್ಗ ಜಗ್ಗಿ ಕೈ ಸೋತಿರತಾವ. ನಮಗ್ಯಾಕ ಸುರೀತಾರ್ರಿ? ರಾಟಿ ನಾವು ಮುಟ್ಟಂಗಿಲ್ಲ.”

ನಾನು ಹುಟ್ಟಿದಾಗಿನಿಂದ ಕಂಡ ಪದ್ಧತಿ ಅದು. ಕೇರಿಯ ಹೆಣ್ಣುಮಕ್ಕಳು ಹಾಸುಗಲ್ಲಿನಾಚೆ ಕೊಡ ಇಟ್ಟು ದೂರ ಸರಿದು ನಿಲ್ಲುವುದು, ನಮ್ಮವರು ಮೇಲಿನಿಂದ ಸುರಿಯುವುದು. ಕಣ್ಣಿಗೆ ಅಷ್ಟು ರೂಢಿಯಾಗಿತ್ತು ಎಂದರೆ, ಮೆಟ್ಟಿಲು ಮುಚ್ಚಿದರೆ ಅದೂ ನಿಲ್ಲುತ್ತದೆ ಎಂಬುದು ಹೊಳೆಯಲೇ ಇಲ್ಲ. ಕಣ್ಣಿದ್ದೂ ಕುರುಡ ಎನ್ನುವುದು ನನ್ನಂಥವನನ್ನೇ.

“ನನ್ನ ಮುಂದ ಬಂದು ಹೇಳಬೇಕಿಲ್ಲೋ ದುರಗವ್ವಾ?” ಎಂದೆ. ತಪ್ಪು ನನ್ನದಿದ್ದರೂ ದನಿ ಜೋರಾಗಿಯೇ ಬಂತು.

“ಓಟ ಹಾಕುವಾಗ ನಮ್ಮನ್ನ ಯಾರ ಕೇಳಿದ್ರಿ? ಮೆಟ್ಟಲ ಮುಚ್ಚುವಾಗ ಲ್ವಾಟಾ ಹಿಡಕೊಂಡು ಎಲ್ಲಾರ ಮನಿಗೂ ಹೋದ್ರಂತ. ನಮ್ಮ ಕೇರಿ ಮಟಾ ನಿಮ್ಮ ಲ್ವಾಟಾ ಬರಲಿಲ್ಲ ನೋಡ್ರಿ ಯಪ್ಪಾ,” ಎಂದಳು. ಬೈಗುಳವಿಲ್ಲ, ಅಳುವಿಲ್ಲ. ನೀರನ್ನು ಎರಡು ಪದರ ಬಟ್ಟೆಯಲ್ಲಾದರೂ ಸೋಸಿ ಕುಡಿಯಿರಿ ಎಂದೆ. ಅವಳು ತನ್ನ ಸೀರೆಯ ಸೆರಗು ತೋರಿಸಿದಳು. ಅದರಲ್ಲಿ ಸೋಸಲು ಹೋದರೆ ಮೀನೂ ದಾಟುತ್ತಿತ್ತು. ಯುದ್ಧ ಮುಗಿದಿದ್ದರೂ ಅರಿವೆಯ ಕಂಟ್ರೋಲು ಮುಗಿಯದ ಕಾಲ. ನಾನು ಅರಿವೆ ಅಂಗಡಿಯವನು. ಅಂದು ಮಧ್ಯಾಹ್ನ ದಪ್ಪ ಬಿಳಿ ಬಟ್ಟೆಯ ಒಂದು ಥಾನನ್ನು ಕೇರಿಗೆ ಕಳಿಸಿದೆ. ಅದರಿಂದ ನನ್ನ ಮನಸ್ಸೇನೂ ಹಗುರಾಗಲಿಲ್ಲ.

ಮರುದಿನ ಕುಷ್ಟಗಿಗೆ ಹೋಗಿ, ಕೇರಿಗೆ ಬೇರೆ ಬಾವಿ ಬೇಕು ಎಂದು ತಹಸೀಲ್ದಾರರನ್ನು ಕೇಳಿದೆ. ಡಾಕ್ಟರನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದೆ. ತಹಸೀಲ್ದಾರರು ನಮ್ಮ ಬಾವಿಯ ಕಾಗದ ತರಿಸಿ ಓದಿ, ಮುಗುಳ್ನಕ್ಕು, ಅದನ್ನು ಡಾಕ್ಟರ ಕಡೆ ತಳ್ಳಿದರು. ಡಾಕ್ಟರು ಓದಿ ಕನ್ನಡದಲ್ಲಿ ಹೇಳಿದರು. ಊರಿನ ಯಾವ ಕೋಮಿನವರೇ ಆಗಲಿ ಈ ಬಾವಿಯ ನೀರನ್ನು ತಡೆಯಿಲ್ಲದೆ ಸೇದಬಹುದು, ತಡೆ ಉಂಟಾದರೆ ಊರಿನ ಪಟೇಲರೂ ಬೋರ್ಡಿನ ಮೆಂಬರರೂ ಜವಾಬುದಾರರು ಎಂದು ಅದರಲ್ಲಿತ್ತು. ಕೆಳಗೆ ಗೌಡರ ಸಹಿ, ಐದು ಹೆಬ್ಬೆಟ್ಟು, ನನ್ನ ದಪ್ಪ ಕನ್ನಡ ಅಕ್ಷರ.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೇರೆ ಬಾವಿ ಬೇಕು ಎಂದು ಅರ್ಜಿ ಕೊಟ್ಟರೆ ಈ ಬಾವಿಗೆ ತಡೆ ಇದೆ ಎಂದು ನಾನೇ ಒಪ್ಪಿಕೊಂಡಂತೆ. ಆರೋಪಿಗಳು ಗೌಡರು ಮತ್ತು ನಾನು. ಸುಮ್ಮನಿದ್ದರೆ ಮುಂದಿನ ಬೇಸಿಗೆಗೆ ಯಲ್ಲವ್ವನ ಮೊಣಕಾಲು ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಏನು ಮಾಡಲಿ ಎಂದು ತಹಸೀಲ್ದಾರರನ್ನೇ ಕೇಳಿದೆ. ನೀವು ಜನರ ಪ್ರತಿನಿಧಿ, ಜನರನ್ನು ಕೇಳಿ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಎದ್ದುಹೋದರು. ಡಾಕ್ಟರು ಆ ಕರಾರನ್ನು ನಿಧಾನವಾಗಿ ಹೇಳಿದರು, ನಾನು ಕನ್ನಡದಲ್ಲಿ ಬರೆದುಕೊಂಡೆ.

ಅದೇ ವಾರ ಚಾವಡಿಯಲ್ಲಿ ಹಿರಿಯರನ್ನು ಕೂಡಿಸಿ ಆ ಕಾಗದ ಓದಿದೆ. ನಡುವೆ ಎರಡು ಸಲ ನಿಲ್ಲಿಸಿ ನೀರು ಕುಡಿಯಬೇಕಾಯಿತು. ಓದಿ ಮುಗಿಸಿದಾಗ ಹೆಬ್ಬೆಟ್ಟು ಒತ್ತಿದ ಹಿರಿಯರೊಬ್ಬರು ತಮ್ಮ ಹೆಬ್ಬೆರಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು.

“ಓದಲಾರ್ದ ಮಾಡಿದ ಸಹಿ ಸಹಿ ಅಲ್ಲ,” ಎಂದರು ವೀರನಗೌಡರು. “ಕಾಗದ ಕಾಗದದ ಕಡೆ ಇರ್ಲಿ, ಊರು ಊರಿನ ಕಡೆ ಇರ್ಲಿ.”

“ಬೋರ್ಡಿಗೆ ರಿಪೋರ್ಟ್ ಬರೀತೀನ್ರಿ ಗೌಡ್ರ,” ಎಂದೆ. “ತಡದವರಾಗ ಮೊದಲನೇ ಹೆಸರು ನಿಮ್ಮದು, ಎರಡನೇದು ನಂದು. ಇಬ್ಬರೂ ಕೂಡೇ ಹೋಗೂಣು.”

ನನ್ನನ್ನು ನಿಲ್ಲಿಸಿದವರು ಅವರು, ಮೂವತ್ತೇಳು ಕೈಗಳಲ್ಲಿ ಮೂವತ್ತಾರು ಅವರ ಮುಖ ನೋಡಿ ಎದ್ದವು. ಕೊನೆಗೆ ದಾರಿ ತೋರಿಸಿದವರೂ ಗೌಡರೇ. ಕಟ್ಟೆಯ ಕೆಳಗಿನ ತುದಿಗೆ, ಉಳಿದ ಮೂರು ರಾಟೆಗಳಿಂದ ದೂರವಾಗಿ, ಕೇರಿಯವರಿಗೆಂದೇ ನಾಲ್ಕನೆಯ ರಾಟೆ ಹಾಕೋಣ. ಅವರ ರಾಟೆ ನಾವು ಮುಟ್ಟುವುದಿಲ್ಲ, ನಮ್ಮದನ್ನು ಅವರು ಮುಟ್ಟುವುದು ಬೇಡ. ಬಾವಿಯಂತೂ ಎಲ್ಲರದ್ದಾಯಿತಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಚಾವಡಿ ಉಸಿರು ಬಿಟ್ಟಿತು. ನಾನಂತೂ ಗೌಡರ ಕಾಲಿಗೆ ಬೀಳುವುದೊಂದು ಬಾಕಿ.

ಎಂಟು ದಿನದೊಳಗೆ ರಾಟೆ ಹಾಕಿಸಿದೆ. ಹಗ್ಗ ನಾನೇ ತಂದು ಕಟ್ಟಿದೆ. ದುರಗವ್ವ ಬಂದು ಬಾವಿಯೊಳಗೆ ಬಗ್ಗಿ ನೋಡಿದಳು. ಆಮೇಲೆ ಆಚೆಯ ಮೂರು ರಾಟೆಗಳನ್ನು ನೋಡಿದಳು, ತನ್ನದನ್ನು ನೋಡಿದಳು.

“ನೀರು ಒಂದ ಐತಿ. ರಾಟಿ ಬ್ಯಾರೆ ಯಾಕರಿ?” ಎಂದು ಕೇಳಿದಳು.

“ಸೇದವಾ, ಸದ್ಯಕ್ಕ ಸೇದು,” ಎಂದೆ. ಅವಳು ಸೇದಿದಳು.

ಮೂರು ದಿನ ಊರಿನ ಹೆಣ್ಣುಮಕ್ಕಳು ಯಾರೂ ಬಾವಿಗೆ ಬರಲಿಲ್ಲ. ಹೊಲದ ಬಾವಿಗಳಿಂದ ಬಂಡಿಯಲ್ಲಿ ನೀರು ತಂದರು. ನಮ್ಮವ್ವನೂ ಅದನ್ನೇ ಕುಡಿದಳು, ನನ್ನ ಜೊತೆ ಮಾತು ಬಿಟ್ಟಿದ್ದಳು. ಆದರೆ ಬಿತ್ತಿಗೆಯ ಕಾಲ, ಬಂಡಿ ಎತ್ತು ಎಷ್ಟು ದಿನ ನೀರಿಗೆ ಸಿಕ್ಕಾವು? ನಾಲ್ಕನೆಯ ದಿನ ಅವ್ವ ಕೊಡ ಕಂಕುಳಿಗೇರಿಸಿ, “ಯಾವ ರಾಟಿಂದ ಬಂದೀನಿ ಅಂತ ನೀರಿಗೇನ ಗೊತ್ತು?” ಎಂದು ಯಾರಿಗೂ ಅಲ್ಲದಂತೆ ಹೇಳಿ ಬಾವಿಗೆ ಹೋದಳು. ಅವಳ ಹಿಂದೆ ಓಣಿ ಹೋಯಿತು.

1947ರ ಜೂನಿನಲ್ಲಿ ಡಾಕ್ಟರು ಬಂದಾಗ ನಾನೂ ಅವರ ಜೊತೆ ಮನೆಮನೆ ತಿರುಗಿದೆ, ಈ ಸಲ ಕೇರಿಯಿಂದಲೇ ಸುರು ಮಾಡಿ. ಡಾಕ್ಟರ ಲೆಕ್ಕದಲ್ಲಿ ಈ ವರ್ಷವೂ ನಾರು ಏಳಬಹುದಿತ್ತು. ಆದರೆ ಸೋಸಿದ ಬಟ್ಟೆಯ ಪುಣ್ಯವೋ, ಹಾಳುಬಾವಿಯ ನೀರನ್ನು ಹಿಂದಿನ ಸಲ ನಾರು ಎದ್ದ ಹೊಸತರಲ್ಲೇ ಬಿಟ್ಟದ್ದರಿಂದಲೋ, ಒಬ್ಬ ಮುದುಕನನ್ನು ಬಿಟ್ಟರೆ ಯಾರಿಗೂ ನಾರು ಇರಲಿಲ್ಲ. ಯಲ್ಲವ್ವ ಸ್ವಲ್ಪ ಕುಂಟುತ್ತಿದ್ದಳು, ಮೊಣಕಾಲು ಮಾತ್ರ ಮಡಚುತ್ತಿತ್ತು. ಮಳೆಗಾಲಕ್ಕೆ ಮುಂಚೆ ಗಂಡನ ಮನೆಗೆ ಹೋದಳು. ನಾನು ನಿಂತು ನೋಡಿದೆ. ಆ ಸಂತೋಷವನ್ನು ಸಣ್ಣದು ಮಾಡಿ ಹೇಳಲಾರೆ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ನಾನು ಎದೆ ಮುಂದೆ ಮಾಡಿ ಹೇಳಿಕೊಳ್ಳುತ್ತಿದ್ದೆ. ಆರು ವರ್ಷದ ನನ್ನ ಮೆಂಬರಿಕೆಯಲ್ಲಿ ನಾನು ಕಲಿತದ್ದು, ಆರಿಸಿ ಬಂದವನು ಮೊದಲು ಓಟಿನ ಪಟ್ಟಿಯಲ್ಲಿ ಹೆಸರಿಲ್ಲದವರ ಮನೆಗೆ ಹೋಗಬೇಕು ಎಂಬುದು. ಅದನ್ನು ಕಲಿತೆ, ನಿಜ. ಆದರೆ ದುರಗವ್ವ ರಾಟೆಯ ಬಳಿ ಕೇಳಿದಂಥ ಪ್ರಶ್ನೆಗೆ ಉತ್ತರ ಕೊಡದೆ ಬಂದರೆ ಹೋದದ್ದು ಅರ್ಧವೇ ಎಂಬುದು ತಿಳಿಯಲು ಮತ್ತೊಂದು ವರ್ಷ ಹಿಡಿಯಿತು.

ನಮ್ಮೂರಲ್ಲಿ ನಾರು ಹೋದ ಸುದ್ದಿ ಹಬ್ಬಿ, ಸುತ್ತಲಿನ ಹಳ್ಳಿಗಳಿಂದ ಮೆಟ್ಟಿಲು ಮುಚ್ಚುವ ಅರ್ಜಿಗಳು ಬಂದವು. ಯೂಸುಫ್ ಸಾಹೇಬರ ಹತ್ತಿರ ಕುಳಿತು ನಾನು ಅಷ್ಟಿಷ್ಟು ಉರ್ದು ಓದಲು ಕಲಿತಿದ್ದೆ. ಒಂದು ಸಭೆಯಲ್ಲಿ ಹನುಮಸಾಗರದ ಕಡೆಯ ಆ ಹಿರಿಯ ಮೆಂಬರು ತಮ್ಮ ಭಾಗದ ಹಳ್ಳಿಯೊಂದರ ಬಾವಿಯ ನಕ್ಷೆ ಇಟ್ಟರು. ಈ ಸಲ ಪೂರ್ತಿ ಎಚ್ಚರವಿದ್ದರು. ನಕ್ಷೆಯಲ್ಲಿ ಕಟ್ಟೆಯ ಒಂದು ಕಡೆ ಮೂರು ರಾಟೆಗಳ ಗುರುತು, ಕೆಳಗಿನ ತುದಿಗೆ ದೂರದಲ್ಲಿ ಒಂದು.

“ಈ ನಾಲ್ಕನೇದು ಬ್ಯಾಡ್ರಿ,” ಎಂದೆ. “ನಾಲ್ಕೂ ಒಂದ ಕಡೆ ಇರ್ಲಿ. ಯಾರ ಬೇಕಾದ್ರೂ ಯಾವದರಾಗ ಬೇಕಾದ್ರೂ ಸೇದ್ಲಿ.”

ಹಿರಿಯರು ನಿಜವಾದ ಆಶ್ಚರ್ಯದಿಂದ ನನ್ನ ಮುಖ ನೋಡಿದರು.

“ಹಿಂಗ್ಯಾಕಂತೀರಿ ಅಂದಾನಪ್ಪನವರ? ಇದು ನಿಮ್ಮ ಊರಿನ ಪದ್ಧತೀನ ಅಲ್ಲೇನ್ರಿ? ನೀವ ಹಚ್ಚಿ ಕೊಟ್ಟದ್ದು.”